ದಾದಾನ ಹತ್ತಿರವಿದ್ದ ಫೈಲು

ನನ್ನ ಹೆಂಡತಿಗೆ ಮರೆವಿನ ಕಾಯಿಲೆ ಹತ್ತಿದೆ ಎಂಬುದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ಅವಳಿಗೇ. ಅನಂತರ ಅವಳ ಆಫೀಸಿನ ಒಬ್ಬ ಬಂಗಾಳಿ ಸಹೋದ್ಯೋಗಿಗೆ. ನಾನು ಮೂರನೆಯವನು, ಅದೂ ಮೂರು ವರ್ಷ ತಡವಾಗಿ. ಮೂವತ್ತೆಂಟು ವರ್ಷ ಅವಳ ಜೊತೆ ಒಂದೇ ಸೂರಿನಡಿ ಬಾಳಿದ ಗಂಡ ನಾನು. ಈಗಲೂ ಇದನ್ನು ತಣ್ಣಗೆ ಕುಳಿತು ಬರೆಯಲು ನನಗೆ ಬರುವುದಿಲ್ಲ.

ನಾನು ಉಡುಪಿ ಕಡೆಯವನು. ಹದಿನೇಳನೇ ವಯಸ್ಸಿಗೆ ಸೋದರಮಾವನ ಹೋಟೆಲಿನಲ್ಲಿ ಕೆಲಸಕ್ಕೆಂದು ಕಲ್ಕತ್ತೆಗೆ ಬಂದೆ. ಮುಂದೆ ಲೇಕ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಎಂಟು ಮೇಜಿನ ನನ್ನದೇ ಹೋಟೆಲು ಮಾಡಿದೆ. ಅವಳು ಮೈಸೂರಿನವಳು, ಬಿ.ಎಸ್‌ಸಿ. ಓದಿದವಳು. ಕೇಂದ್ರ ಸರ್ಕಾರದ ಪರೀಕ್ಷೆ ಪಾಸು ಮಾಡಿ ಡಾಲ್‌ಹೌಸಿಯ ಲೆಕ್ಕಪತ್ರದ ಆಫೀಸೊಂದಕ್ಕೆ ನೇಮಕವಾಗಿ ಬಂದಿದ್ದಳು. ಹಾಸ್ಟೆಲಿನ ಸಾಸಿವೆ ಎಣ್ಣೆಯ ಅಡುಗೆ ಒಗ್ಗದೆ ನನ್ನಲ್ಲಿಗೆ ಊಟಕ್ಕೆ ಬರತೊಡಗಿದಳು. ಅದು ಮದುವೆಯವರೆಗೆ ಹೋಯಿತು. ನಾನು ಓದಿದ್ದು ಎಂಟನೇ ಕ್ಲಾಸು. ಹಾಗಾಗಿ ಬ್ಯಾಂಕು, ತೆರಿಗೆ, ಮಗಳ ಶಾಲೆಯ ಅರ್ಜಿ, ಕಾಗದ ಪತ್ರ ಎಲ್ಲ ಅವಳದು, ಒಲೆ ನನ್ನದು. ನಾವಿರುವ ಫ್ಲ್ಯಾಟು ಕೂಡ ಅವಳ ಆಫೀಸಿನವರ ಹೌಸಿಂಗ್ ಸೊಸೈಟಿಯದು, ಅವಳ ಹೆಸರಿನಲ್ಲೇ ಇರುವುದು. ಹೆಸರು ಯಾರದಾದರೇನು ಎಂದು ಇಬ್ಬರೂ ಅಂದುಕೊಂಡಿದ್ದೆವು. ಅಥವಾ ನಾನೊಬ್ಬನೇ ಅಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳು ತರಕಾರಿಗೆಂದು ಹೋಗಿ ಟಾಲಿಗಂಜಿನ ಟ್ರಾಮ್ ಡಿಪೋದಲ್ಲಿ ಕುಳಿತಿದ್ದಳು. ಯಾರೋ ಅವಳ ಪರ್ಸಿನಲ್ಲಿದ್ದ ಚೀಟಿ ನೋಡಿ ಫೋನು ಮಾಡಿದರು. ಡಾಕ್ಟರು ಡಿಮೆನ್ಶಿಯಾ ಎಂದರು. ಆರು ತಿಂಗಳೊಳಗೆ ನಾನು ಹೋಟೆಲು ಮುಚ್ಚಿದೆ, ಅವಳನ್ನು ಒಬ್ಬಳೇ ಬಿಟ್ಟು ಒಲೆ ಮುಂದೆ ನಿಲ್ಲುವುದು ಸಾಧ್ಯವಿರಲಿಲ್ಲ. ಅಲ್ಲಿಂದ ಮುಂದೆ ಮನೆ ನಡೆಯಬೇಕಾದದ್ದು ಅವಳ ಪಿಂಚಣಿಯಲ್ಲಿ. ಅವಳ ಎಟಿಎಂ ಕಾರ್ಡಿನ ಗುಟ್ಟಿನ ನಂಬರು ಅವಳ ತಲೆಯೊಳಗೇ ಇತ್ತು. ಅದೂ ಅಳಿಸಿಹೋದ ಮೇಲೆ ಅವಳನ್ನು ಕೈಹಿಡಿದು ಬ್ಯಾಂಕಿಗೆ ಕರೆದುಕೊಂಡು ಹೋದೆ.

ಮ್ಯಾನೇಜರು ಚಿಕ್ಕ ವಯಸ್ಸಿನವನು, ಒಳ್ಳೆಯವನು. ಮಾಶಿಮಾ, ಅಂದರೆ ಚಿಕ್ಕಮ್ಮ, ಎಂದು ಕರೆದು ಫಾರಂ ಮೇಲೆ ಸಹಿ ಮಾಡಿ ಎಂದು ಪೆನ್ನು ಕೊಟ್ಟ. ಅವಳು ಇನಿಶಿಯಲ್ ಬರೆದಳು, ನಿಂತಳು, ಆಮೇಲೆ ಕೆಳಗೆ ಒಂದು, ಎರಡು, ಮೂರು ಎಂದು ಸಾಲಾಗಿ ಅಂಕಿ ಬರೆಯುತ್ತಾ ಹೋದಳು. ಹಣ ಯಾತಕ್ಕೆ ಬೇಕು ಎಂದು ಅವನು ಬಂಗಾಳಿಯಲ್ಲಿ ಕೇಳಿದ. "ಬಾಡಿ ಜಾಬೊ" ಎಂದಳು. ಮನೆಗೆ ಹೋಗಬೇಕು ಎಂದು.

"ನಾನು ಗಂಡ. ನಾನು ಸಹಿ ಹಾಕುತ್ತೇನೆ" ಎಂದೆ.

"ನೀವು ಗಂಡ ಅನ್ನೋದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಖಾತೆ ಅವರೊಬ್ಬರದೇ. ಏನಕ್ಕೆ ಸಹಿ ಹಾಕುತ್ತಿದ್ದೇನೆ ಅನ್ನೋದು ಅವರಿಗೆ ತಿಳಿಯದಿದ್ದರೆ ಹೆಬ್ಬೆಟ್ಟು ಕೂಡ ತಗೊಳ್ಳೋ ಹಾಗಿಲ್ಲ. ಕೋರ್ಟಿನಿಂದ ನೀವೇ ಇವರ ಗಾರ್ಡಿಯನ್ ಅಂತ ಆದೇಶ ತನ್ನಿ" ಎಂದ.

ಗಂಡನಾಗಿರುವುದಕ್ಕೆ ಕೋರ್ಟಿನ ಕಾಗದ ಬೇಕಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ನಮ್ಮ ಮಗಳು ನದಿಯಾಚೆ ಹೌರಾದ ಶಿಬ್‌ಪುರದಲ್ಲಿ ಇರುತ್ತಾಳೆ, ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ಅವಳೇ ಎಲ್ಲೋ ವಿಚಾರಿಸಿ, ಇಂಥ ರೋಗಿಗಳ ಮನೆಯವರು ತಿಂಗಳಿಗೊಮ್ಮೆ ಸೇರುವ ಒಂದು ಸಭೆಗೆ ನನ್ನನ್ನು ಕರೆದುಕೊಂಡು ಹೋದಳು. ಪ್ಲಾಸ್ಟಿಕ್ ಕುರ್ಚಿ, ಹಾಲಿಲ್ಲದ ಲೀಕರ್ ಚಹಾ, ಹತ್ತು ಹನ್ನೆರಡು ಮಂದಿ. ನನ್ನ ಪಕ್ಕ ಕುಳಿತ ಹೆಂಗಸಿನ ಗಂಡನಿಗೂ ಇದೇ ಕಾಯಿಲೆ. ಆಕೆ ಚೀಲದಿಂದ ಒಂದು ಫೈಲು ತೆಗೆದು ತೋರಿಸಿದಳು. ಮೊದಲು ಅನುಮಾನ ಬಂದ ವಾರವೇ ಗಂಡ ಎಲ್ಲ ಖಾತೆಗೂ ಹೆಂಡತಿಯ ಹೆಸರು ಸೇರಿಸಿ, ಮನೆ ಅವಳ ಹೆಸರಿಗೆ ಬರೆದು, ಯಾವ ಕಾಗದ ಎಲ್ಲಿದೆ ಎಂದು ಪಟ್ಟಿ ಮಾಡಿ ಕೊಟ್ಟಿದ್ದನಂತೆ. "ಹಿ ಟೋಲ್ಡ್ ಮಿ ಫಸ್ಟ್" ಎಂದಳು. ಅಷ್ಟು ಇಂಗ್ಲಿಷು ನನಗೂ ಅರ್ಥವಾಗುತ್ತದೆ. ಆ ಹೆಂಗಸಿನ ಸೀರೆ ಮಾಸಿತ್ತು, ಕಣ್ಣು ಗುಳಿಬಿದ್ದಿತ್ತು. ಆದರೂ ಅವಳನ್ನು ಕಂಡು ನನ್ನ ಹೊಟ್ಟೆಯೊಳಗೆ ಮೆಣಸು ಅರೆದ ಹಾಗಾಯಿತು.

ಆ ಸಭೆಯವರೇ ಒಬ್ಬ ವಯಸ್ಸಾದ ವಕೀಲರ ಹತ್ತಿರ ಕಳಿಸಿದರು. ಇಂಥ ಕೇಸಿಗೆ ಅವರು ಹೆಚ್ಚು ಫೀಸು ಕೇಳುವುದಿಲ್ಲ. ಹೈಕೋರ್ಟಿನ ಎದುರಿನ ಹಳೇ ಕಟ್ಟಡದಲ್ಲಿ, ಫೈಲುಗಳ ನಡುವೆ ಮೂರು ಕುರ್ಚಿ ಹಿಡಿಯುವಷ್ಟು ಜಾಗದಲ್ಲಿ ಅವರ ಚೇಂಬರು. ಹಿಂದಿಯಲ್ಲಿ ನಿಧಾನವಾಗಿ ವಿವರಿಸಿದರು. ಚಿಕ್ಕ ಮಕ್ಕಳಿಗೆ ಗಾರ್ಡಿಯನ್ ಮಾಡುವುದಕ್ಕೆ ಕಾನೂನಿನಲ್ಲಿ ನೇರ ದಾರಿ ಇದೆ. ಮರೆವು ಬಂದ ದೊಡ್ಡವರಿಗೆ ಅಷ್ಟು ನೇರ ದಾರಿ ಇಲ್ಲ, ಹೈಕೋರ್ಟಿಗೇ ಅರ್ಜಿ ಹಾಕಬೇಕು. ಸರ್ಕಾರಿ ಆಸ್ಪತ್ರೆಯ ಡಾಕ್ಟರುಗಳ ಸರ್ಟಿಫಿಕೇಟು, ಮಗಳ ಒಪ್ಪಿಗೆ, ಅವಳ ಹೆಸರಿನಲ್ಲಿ ಏನೇನಿದೆ ಎಂಬುದರ ಕಾಗದ ಎಲ್ಲ ಬೇಕು. "ಅವರು ಸರಿಯಿದ್ದಾಗ ಏನಾದರೂ ಬರೆದಿಟ್ಟಿದ್ದಾರಾ? ಹುಡುಕಿ" ಎಂದರು.

ಮಗಳೂ ನಾನೂ ಭಾನುವಾರವಿಡೀ ಗೋದ್ರೇಜಿನ ಕಪಾಟು ಖಾಲಿ ಮಾಡಿದೆವು. ಹಳೇ ಕರೆಂಟು ಬಿಲ್ಲು, ಮಗಳ ಮಾರ್ಕ್ಸ್ ಕಾರ್ಡು, ನನ್ನ ಹೋಟೆಲಿನ ಲೈಸೆನ್ಸು ಎಲ್ಲ ವರ್ಷವಾರು ಕಟ್ಟಿ ಇಟ್ಟಿದ್ದಳು. ಫ್ಲ್ಯಾಟಿನ ಪತ್ರವಿಲ್ಲ, ಠೇವಣಿಯ ರಸೀದಿ ಇಲ್ಲ, ಪಿಂಚಣಿಯ ಪುಸ್ತಕವಿಲ್ಲ.

ಮಂಚದ ಮೇಲೆ ಕುಳಿತು ನಮ್ಮನ್ನೇ ನೋಡುತ್ತಿದ್ದವಳನ್ನು ಕೇಳಿದೆ. "ಫೈಲು ಎಲ್ಲಿಟ್ಟಿದ್ದೀ ಮಾರಾಯ್ತಿ? ನೆನಪುಂಟಾ?"

"ದಾದಾಕೇ ದಿಯೇಛಿ" ಎಂದಳು. ದಾದಾನಿಗೆ ಕೊಟ್ಟಿದ್ದೇನೆ.

ಮಗಳು ನನ್ನ ಮುಖ ನೋಡಿದಳು. ದಾದಾ ಎಂದರೆ ಯಾರು ಎಂದು ನಾವಿಬ್ಬರೂ ಕೇಳಿಕೊಳ್ಳಬೇಕಾಗಿರಲಿಲ್ಲ.

ಅವಳು ದಾದಾ, ಅಂದರೆ ಅಣ್ಣ, ಎಂದು ಕರೆಯುತ್ತಿದ್ದದ್ದು ಆಫೀಸಿನಲ್ಲಿ ತನ್ನ ಸೆಕ್ಷನ್ನಿನ ಒಬ್ಬನನ್ನೇ. ಮದುವೆಯಾಗದವನು, ಬೆಹಾಲಾದಲ್ಲಿ ಒಬ್ಬನೇ ಇರುವವನು. ಅವಳಿಗೆ ಬಂಗಾಳಿ ಓದಲು ಬರೆಯಲು ಕಲಿಸಿದವನು ಅವನೇ. ಮದುವೆಯಾದ ಮೂರನೆಯ ವರ್ಷವಿರಬೇಕು, ಸಾಮಾನು ತರಲು ಹೋಗಿದ್ದವನು ಎಸ್‌ಪ್ಲನೇಡಿನಲ್ಲಿ ಅವರಿಬ್ಬರನ್ನು ಕಂಡೆ. ಟ್ರಾಮಿಗೆ ಕಾಯುತ್ತಾ ಒಂದೇ ಕಾಗದದ ಪೊಟ್ಟಣದಿಂದ ಝಾಲ್‌ಮುರಿ, ಖಾರದ ಮಂಡಕ್ಕಿ, ತಿನ್ನುತ್ತಿದ್ದರು. ಅವನು ಏನೋ ಹೇಳಿದ, ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನನ್ನೆದುರಿಗೆ ಅವಳು ಹಾಗೆ ನಕ್ಕದ್ದು ನನಗೆ ನೆನಪಿರಲಿಲ್ಲ. ಅಂದು ಸಂಜೆ ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದೆ. ಆಮೇಲೆ ಅವನು ವರ್ಷಗಟ್ಟಲೆ ನನ್ನ ಹೋಟೆಲಿಗೆ ಬಂದು ಮಸಾಲೆ ದೋಸೆ ತಿಂದು, ದುಡ್ಡು ಕೊಟ್ಟು, ಕೈಮುಗಿದು ಹೋಗುತ್ತಿದ್ದ. ಅವರ ನಡುವೆ ತಪ್ಪೇನೂ ಇರಲಿಲ್ಲ, ಅದು ನನಗೆ ಗೊತ್ತು. ತಪ್ಪಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಅವಳ ಕಾಯಿಲೆ ಬಯಲಾದ ಮೇಲೆ ಅವನು ಎರಡು ಸಲ ಮನೆಗೆ ಬಂದಿದ್ದ. ಎರಡು ಸಲವೂ "ಮಲಗಿದ್ದಾಳೆ" ಎಂದು ಬಾಗಿಲಿನಿಂದಲೇ ಕಳಿಸಿದ್ದೆ. ಒಂದು ಸಲ ಅವಳು ಒಳಗೆ ಕುಳಿತು ಬಟಾಣಿ ಸುಲಿಯುತ್ತಿದ್ದಳು.

ಈಗ ನಾನೇ ಬೆಹಾಲಾಕ್ಕೆ ಹೋದೆ. ಮೊಣಕಾಲು ಕೆಟ್ಟು ಕೋಲು ಹಿಡಿದಿದ್ದ. ಬಾಗಿಲು ತೆರೆದವನು ಏನೂ ಕೇಳದೆ ಒಳಗೆ ಹೋಗಿ, ನೀಲಿ ರಟ್ಟಿನ ಫೈಲೊಂದನ್ನು ತಂದು ಮೇಜಿನ ಮೇಲಿಟ್ಟ. ನನ್ನನ್ನೇ ಕಾದಿದ್ದ ಹಾಗೆ.

"ಇದು ನಿಮ್ಮ ಹತ್ತಿರ ಎಷ್ಟು ದಿನದಿಂದ ಇದೆ?" ಎಂದು ಹಿಂದಿಯಲ್ಲಿ ಕೇಳಿದೆ.

"ನಾಲ್ಕು ವರ್ಷ."

ನಾಲ್ಕು ವರ್ಷದ ಹಿಂದೆ, ಅಂದರೆ ಟ್ರಾಮ್ ಡಿಪೋದ ಆ ಮಧ್ಯಾಹ್ನಕ್ಕಿಂತ ಮೂರು ವರ್ಷ ಮೊದಲು, ಅವಳು ದಿನವೂ ನನಗೆ ಚಹಾ ಮಾಡಿ ಕೊಡುತ್ತಿದ್ದಳು. ಗುರುವಾರ ಗುರುವಾರ "ಪಿಂಚಣಿದಾರರ ಸಂಘಕ್ಕೆ ಹೋಗಿ ಬರ್ತೀನ್ರೀ" ಎನ್ನುತ್ತಿದ್ದಳು. ನಾನು ಡಬ್ಬಿಗೆ ಇಡ್ಲಿ ಹಾಕಿ ಕೊಡುತ್ತಿದ್ದೆ. ಸಂಘವಿದ್ದದ್ದು ನಿಜ. ಆದರೆ ಹೋಗುತ್ತಿದ್ದದ್ದು ಡಾಕ್ಟರ ಹತ್ತಿರ, ಜೊತೆಗೆ ತಾನು ಎಂದು ಇವನೇ ಹೇಳಿದ. ಲೆಕ್ಕ ಕೂಡುವಾಗ ಅಂಕಿ ತಪ್ಪುತ್ತಿದೆ ಎಂದು ಮೊದಲು ಹೇಳಿಕೊಂಡದ್ದೂ ಇವನಿಗೇ. ನಾನು ಕಟ್ಟಿಕೊಟ್ಟ ಇಡ್ಲಿಯನ್ನು ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಕುಳಿತು ತಿಂದಿರಬೇಕು.

"ನನಗೆ ಯಾಕೆ ಹೇಳಲಿಲ್ಲ?" ಎಂದೆ.

"ಆಕೆಗೆ ಮೂರು ಸಲ ಹೇಳಿದೆ, ನಿಮ್ಮ ಯಜಮಾನರಿಗೆ ತಿಳಿಸಿ ಅಂತ. ಹೇಳಿದರೆ ಮಾರನೇ ದಿನ ಹೋಟೆಲು ಮುಚ್ಚಿ ನನ್ನೆದುರು ಬಂದು ಕೂರುತ್ತಾರೆ, ಇನ್ನೆಷ್ಟು ದಿನ ಸಾಧ್ಯವೋ ಅಷ್ಟು ದಿನ ಅವರು ಹೋಟೆಲಿನಲ್ಲಿರಲಿ ಅಂದರು. ಮಗಳು ಆಗ ಬಾಣಂತಿ. ಅವಳಿಗೂ ಬೇಡ ಅಂದರು. ನೀವಾಗಿ ಕೇಳಿ ಬರುವ ತನಕ ಕೊಡಬೇಡಿ ಅಂತ ಮಾತು ತಗೊಂಡಿದ್ದರು."

ಇದನ್ನು ಕೇಳಿ ನಾನು ಕರಗಬೇಕಿತ್ತೇನೋ. ಕರಗಲಿಲ್ಲ. ನನ್ನನ್ನು ಕಾಪಾಡಲೆಂದು ನನಗೆ ಸುಳ್ಳು ಹೇಳಿದಳು, ನಿಜವನ್ನು ಕೊಂಡುಹೋಗಿ ಇವನಿಗೆ ಕೊಟ್ಟಳು. ಅವಳ ಭಯವನ್ನು ಮೂರು ವರ್ಷ ಹಂಚಿಕೊಂಡವನು ಇವನು. ಅದು ನನ್ನ ಪಾಲಿನದು, ನನಗೆ ಸೇರಬೇಕಾದದ್ದು. ಅವನು ಕೊಟ್ಟ ನೀರನ್ನು ಮುಟ್ಟದೆ ಫೈಲು ಕಂಕುಳಲ್ಲಿ ಇಟ್ಟುಕೊಂಡು ಬಂದುಬಿಟ್ಟೆ.

ಮನೆಯಲ್ಲಿ ಬಿಚ್ಚಿ ನೋಡಿದರೆ ಬೇಕಾದ ಪತ್ರಗಳೆಲ್ಲ ಇದ್ದವು. ಜೊತೆಗೆ ಸ್ಟಾಂಪ್ ಕಾಗದದ ಮೇಲೆ ಒಂದು ಪವರ್ ಆಫ್ ಅಟಾರ್ನಿ. ಮಗಳು ಓದಿ ಅದನ್ನು ಮಡಚಿ ಪಕ್ಕಕ್ಕಿಟ್ಟಳು. ನಾನು ಒತ್ತಾಯ ಮಾಡಿದ ಮೇಲೆ ಹೇಳಿದಳು: ಬ್ಯಾಂಕು, ಠೇವಣಿ, ಪಿಂಚಣಿ, ಎಲ್ಲ ವ್ಯವಹಾರಕ್ಕೂ ತನ್ನ ಪರವಾಗಿ ಸಹಿ ಹಾಕುವ ಅಧಿಕಾರವನ್ನು ಅಮ್ಮ ಆ ಮನುಷ್ಯನಿಗೆ ಕೊಟ್ಟಿದ್ದಾಳೆ.

ಫೈಲಿನ ಕೊನೆಯಲ್ಲಿ ಇನ್ನೊಂದು ಇತ್ತು. ಎರಡು ಹಾಳೆ, ಅವಳ ಕೈಬರಹ, ಬಂಗಾಳಿ ಅಕ್ಷರ. ಮಾತಾಡಲು ಬಂದರೂ ನನಗೆ ಆ ಲಿಪಿ ಓದಲು ಬರುವುದಿಲ್ಲ. ಮೊದಲ ಸಾಲಿನಲ್ಲಿ ಒಂದೇ ಅಕ್ಷರ ಎರಡು ಸಲ ಇತ್ತು, ದಾದಾ ಎಂದಿರಬೇಕು; ಅವನಿಗೆ ಬರೆದ ಪತ್ರ ಅನ್ನುವುದಷ್ಟು ತಿಳಿಯಿತು. ಮಗಳು ಅಮ್ಮನಿಗೆ ನೀರು ಕೊಡಲು ಎದ್ದಾಗ ಆ ಹಾಳೆಗಳನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡೆ, ಆಮೇಲೆ ಅಡುಗೆಮನೆಯ ಅಟ್ಟದಲ್ಲಿದ್ದ ದೊಡ್ಡ ಇಡ್ಲಿ ಪಾತ್ರೆಯೊಳಗೆ ಇಟ್ಟೆ. ಮಗಳಿಗೆ ಬಂಗಾಳಿ ಚೆನ್ನಾಗಿ ಓದಲು ಬರುತ್ತದೆ. ಅದಕ್ಕೇ ಹೆದರಿದ್ದು.

ವಕೀಲರು ಅಧಿಕಾರಪತ್ರವನ್ನು ಎರಡು ಸಲ ತಿರುವಿ ನೋಡಿ ತಲೆಯಾಡಿಸಿದರು. "ಚೆನ್ನಾಗಿ ಮಾಡಿಸಿದ್ದಾರೆ. ಆದರೆ ಈಗ ಇದು ಉಪಯೋಗವಿಲ್ಲ. ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದ ದಿನವೇ ಇಂಥ ಅಧಿಕಾರ ಬಿದ್ದುಹೋಗುತ್ತದೆ. ಬಹಳ ಜನಕ್ಕೆ ಇದು ಗೊತ್ತಿರೋದಿಲ್ಲ."

ನನ್ನ ಎದೆಯಿಂದ ಏನೋ ಇಳಿದ ಹಾಗಾಯಿತು. ಚೇಂಬರಿನ ಮೆಟ್ಟಿಲು ಇಳಿಯುವಾಗ ಮಗಳು ನಿಂತಳು.

"ಅಪ್ಪಾ, ಯು ಆರ್ ಹ್ಯಾಪಿ?"

"ಎಂತ ಹ್ಯಾಪಿ?"

"ನಾನು ನೋಡ್ದೆ. ಅದು ವ್ಯಾಲಿಡ್ ಇದ್ದಿದ್ರೆ ನಾಳೇನೇ ಅಮ್ಮನ ಮೆಡಿಸಿನ್‌ಗೆ, ಆಯಾಗೆ ದುಡ್ಡು ಸಿಗ್ತಿತ್ತು. ಕೋರ್ಟ್ ಬೇಡ ಆಗ್ತಿತ್ತು. ನೀನು ನಗ್ತಾ ಇದ್ದೆ ಅಪ್ಪಾ."

ನಗುತ್ತಿದ್ದೆನೇನೋ. ಅವಳು ಸಿಯಾಲ್ದಾದ ಬಸ್ಸು ಹತ್ತಿ ಯಾವುದೋ ಕೆಲಸಕ್ಕೆ ಹೋದಳು, ಹೋಗುವಾಗ ಬರ್ತೀನಿ ಎಂದು ಹೇಳಲಿಲ್ಲ.

ಅರ್ಜಿ ಹಾಕುವಾಗ ಕುಟುಂಬದ ಹೊರಗಿನವರೊಬ್ಬರ ಅಫಿಡವಿಟ್ ಇದ್ದರೆ ಒಳ್ಳೆಯದು, ಆ ಆಫೀಸಿನ ಸ್ನೇಹಿತರನ್ನು ಕೇಳಿ ಎಂದು ವಕೀಲರು ಹೇಳಿದ್ದರು. ನಾನು ಮಗಳಿಗೂ ಹೇಳದೆ ಎದುರು ಫ್ಲ್ಯಾಟಿನವರನ್ನು ಒಪ್ಪಿಸಿದೆ. ಅವರು ಬಂದು ಒಂದೂವರೆ ವರ್ಷವಾಗಿತ್ತು ಅಷ್ಟೇ. ಅವಳು ಸರಿಯಿದ್ದ ದಿನಗಳನ್ನು ಅವರು ಕಂಡೇ ಇರಲಿಲ್ಲ. ಅವಳ ಕೈಬರಹದ್ದು ಬೇರೇನಾದರೂ ಇದೆಯೇ ಎಂದು ವಕೀಲರು ಕೇಳಿದಾಗ ಇಲ್ಲ ಎಂದೆ.

ವಿಚಾರಣೆಯ ದಿನ ಜಡ್ಜು ಕಾಗದಗಳನ್ನು ತಿರುವಿ ಹಾಕಿ ಒಂದೇ ಪ್ರಶ್ನೆ ಕೇಳಿದರು. ಆಕೆ ಬುದ್ಧಿ ಸರಿಯಿದ್ದಾಗ ನಂಬಿ ಅಧಿಕಾರ ಕೊಟ್ಟದ್ದು ಇನ್ನೊಬ್ಬ ವ್ಯಕ್ತಿಗೆ, ಗಂಡನಿಗಲ್ಲ. ಕಾರಣವೇನು? ಆ ವ್ಯಕ್ತಿ ಎಲ್ಲಿ? ಅವರು ಏನು ಹೇಳುತ್ತಾರೆ ಎಂದು ತಿಳಿಯದೆ ಆದೇಶ ಮಾಡಲಾಗದು. ಮುಂದಿನ ತಾರೀಖು ಎರಡು ತಿಂಗಳ ಮೇಲೆ ಬಿತ್ತು.

ಆ ಎರಡು ತಿಂಗಳು ಹೇಗೆ ಕಳೆಯಿತು ಎಂದು ಹೇಳಬೇಕು. ಮಗಳು ತನ್ನ ಸಂಬಳದಿಂದ ಔಷಧಿ ತಂದುಕೊಟ್ಟಳು. ಸಂಬಳ ಕೊಡಲಾಗದೆ ಆಯಾಳನ್ನು ಬಿಡಿಸಿದೆ. ಹೆಂಡತಿಯನ್ನು ಸ್ನಾನಕ್ಕೆ ಎಬ್ಬಿಸುವಾಗ ನನ್ನ ಬೆನ್ನು ಹಿಡಿದುಕೊಂಡು ಮೂರು ದಿನ ನೆಲದ ಮೇಲೆ ಮಲಗಿದೆ. ಆ ಮೂರು ದಿನ ಮಗಳು ರಜೆ ಹಾಕಿ ಬಂದಿದ್ದಳು. ನನ್ನ ಹೊಟ್ಟೆಕಿಚ್ಚಿಗೆ ಆ ಇಬ್ಬರು ಹೆಂಗಸರು ದಂಡ ತೆರುತ್ತಿದ್ದರು. ಆದರೂ ದಿನಕ್ಕೆ ನಾಲ್ಕು ಸಲ ಹೆಂಡತಿಯ ಮುಂದೆ ಕುಳಿತು, "ನಾನು ಯಾರು ಹೇಳು? ಹೇಳು ಮಾರಾಯ್ತಿ, ನಾನು ಯಾರು?" ಎಂದು ಕೇಳುವುದನ್ನು ಬಿಡಲಿಲ್ಲ. ಅವಳು ಪರೀಕ್ಷೆಯಲ್ಲಿ ಉತ್ತರ ಹೊಳೆಯದ ಹುಡುಗಿಯ ಹಾಗೆ ಸೆರಗಿನ ತುದಿ ಹೊಸೆಯುತ್ತಿದ್ದಳು.

ಕೊನೆಗೆ ವಕೀಲರೇ ಅವನಿಗೆ ಫೋನು ಮಾಡಿ ಕರೆಸಿದರು. ಚೇಂಬರಿನ ಮೂರು ಕುರ್ಚಿಯಲ್ಲಿ ಅವನು, ಮಗಳು, ನಾನು. ಎಲ್ಲ ಕೇಳಿ ಅಫಿಡವಿಟ್ಟಿಗೆ ಸಹಿ ಹಾಕಲು ಒಪ್ಪಿದ. ಆಮೇಲೆ ಸಹಜವಾಗಿ ಕೇಳಿದ: "ಆಕೆಯ ಪತ್ರ ಕೋರ್ಟಿಗೆ ಕೊಟ್ಟಿರಲ್ಲ? ಅದರಲ್ಲಿ ಎಲ್ಲ ಬರೆದಿದ್ದರು."

"ಯಾವ ಪತ್ರ?" ಎಂದರು ವಕೀಲರು.

ಮಗಳು ನನ್ನ ಕಡೆ ತಿರುಗಿದಳು. ನಾನು ಕಿಟಕಿಯ ಆಚೆ ನೋಡಿದೆ. ಅವನಿಗೆ ಅರ್ಥವಾಯಿತು. "ನನ್ನ ಹತ್ತಿರವೇ ಉಳಿದಿರಬೇಕು, ವಯಸ್ಸಾಯಿತು, ಹುಡುಕುತ್ತೇನೆ" ಎಂದುಬಿಟ್ಟ. ನನ್ನ ಮಾನ ಉಳಿಸಲು ಅವನು ಸುಳ್ಳು ಹೇಳಿದ. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನನ್ನ ಹತ್ತಿರ ಉಂಟು" ಎಂದೆ, ಕನ್ನಡದಲ್ಲೇ. ಮಗಳು ಅದನ್ನು ಅವರಿಗೆ ಹೇಳಬೇಕಾಯಿತು.

ಅಂದು ಸಂಜೆ ಅಟ್ಟದಿಂದ ಇಡ್ಲಿ ಪಾತ್ರೆ ಇಳಿಸಿದೆ. ಮಗಳು ನೆಲದ ಮೇಲೆ ಕುಳಿತು ಬಂಗಾಳಿಯನ್ನು ತನ್ನ ತೊದಲು ಕನ್ನಡಕ್ಕೆ ತಿರುಗಿಸುತ್ತಾ ಓದಿದಳು. ಪಕ್ಕದಲ್ಲಿ ಅದನ್ನು ಬರೆದವಳು ಹಾಲಿಗೆ ಬಿಸ್ಕತ್ತು ಅದ್ದಿ ತಿನ್ನುತ್ತಿದ್ದಳು.

"ದಾದಾ, ಈಗ ನನ್ ತಲೆ ಸರಿ ಇದೆ, ಅದಕ್ಕೆ ಈಗ್ಲೇ ಬರೀತಿದೀನಿ. ನನ್ನನ್ನ ಮೈಸೂರಿಗೆ ಅಣ್ಣನ ಮನೆಗೆ ಕಳಿಸ್ಬಾರ್ದು. ಮಗಳ ಮನೆಗೂ ಬೇಡ, ಅವಳು ಜಾಬ್ ಬಿಡ್ಬಾರ್ದು. ಇದೇ ಮನೇಲಿ ಇರ್ತೀನಿ. ಪೆನ್ಷನ್‌ನಲ್ಲಿ ಆಯಾ ಇಡಿ, ಅವ್ರೊಬ್ರೇ ನನ್ನ ಎತ್ತಿ ಇಳಿಸ್ಬಾರ್ದು, ಅವರ ಬೆನ್ನು ಮೊದಲೇ ಸರಿ ಇಲ್ಲ. ಇಂಗ್ಲಿಷ್ ಪೇಪರ್ ಮುಂದೆ ಹಿಡಿದು ಸೈನ್ ಹಾಕಿ ಅಂತ ಯಾರೂ ಅವ್ರಿಗೆ ಹೇಳದ ಹಾಗೆ ನೋಡ್ಕೊಳಿ. ಓದಿ ಹೇಳಿ. ಅರ್ಥ ಆಗೋ ತನಕ ಹೇಳಿ, ಅವ್ರು ಅರ್ಥ ಆಯ್ತು ಅಂತ ಸುಮ್ನೆ ಹೇಳ್ತಾರೆ."

ಮಗಳು ಓದುವುದನ್ನು ನಿಲ್ಲಿಸಿದಳು. ಎರಡನೆಯ ಹಾಳೆಯ ಕೊನೆಯ ಸಾಲನ್ನು ಎರಡು ಸಲ ಮನಸ್ಸಿನಲ್ಲೇ ಓದಿಕೊಂಡಳು.

"ಇನ್ನೊಂದು ಇದೆ ಅಪ್ಪಾ. ನಾನು ಅವ್ರನ್ನ ಮರೆತಾಗ, 'ನಾನು ಯಾರು ಹೇಳು' ಅಂತ ಕೇಳ್ಬೇಡಿ ಅಂತ ಅವ್ರಿಗೆ ಹೇಳಿ. ಗೊತ್ತಿಲ್ಲ ಅನ್ನೋಕೆ ನಂಗೆ ನಾಚಿಕೆ ಆಗತ್ತೆ."

ಮಗಳು ಅತ್ತಳು. ನನಗೆ ಅಳು ಬರಲಿಲ್ಲ. ಎರಡೂ ಹಾಳೆಯ ತುಂಬ ನಾನೇ ಇದ್ದೆ. ನನ್ನ ಬೆನ್ನು, ನನ್ನ ದಡ್ಡತನ, ಅರ್ಥವಾಗದಿದ್ದರೂ ಆಯಿತು ಎಂದು ತಲೆಯಾಡಿಸುವ ನನ್ನ ಅಭ್ಯಾಸ. ನನ್ನನ್ನು ಅಷ್ಟು ಬಲ್ಲವಳು ಅಷ್ಟನ್ನೂ ನನಗೆ ಓದಲು ಬಾರದ ಅಕ್ಷರದಲ್ಲಿ, ಇನ್ನೊಬ್ಬನಿಗೆ ಬರೆದಳಲ್ಲ ಎಂದು ಆಗಲೂ ಉರಿದೆ. ಆದರೆ ಆ ದಿನದಿಂದ ಅವಳನ್ನು ಆ ಪ್ರಶ್ನೆ ಕೇಳುವುದನ್ನು ಬಿಟ್ಟೆ.

ಮುಂದಿನ ತಾರೀಖಿಗೆ ಪತ್ರವೂ ಅಫಿಡವಿಟ್ಟೂ ಕೋರ್ಟಿನ ಮುಂದಿದ್ದವು. ಮನೆಗೆ ಹೋಗಿ ನೋಡಿ ವರದಿ ಕೊಡಲು ಕೋರ್ಟು ಒಬ್ಬ ಯುವ ವಕೀಲೆಯನ್ನು ನೇಮಿಸಿತು. ಆಕೆ ಬಂದ ದಿನ ಅವನೂ ಬರಬೇಕಿತ್ತು, ಬಂದ. ಒಂದೂವರೆ ವರ್ಷದ ಮೇಲೆ ಅವನು ನಮ್ಮ ಹೊಸ್ತಿಲು ದಾಟಿದ್ದು. ಅವನನ್ನು ಕಂಡದ್ದೇ ನನ್ನ ಹೆಂಡತಿ ಮಂಚದಿಂದ ಎದ್ದು ನಿಂತಳು.

"ದಾದಾ! ಏತೊ ದೇರಿ?"

ಯಾಕಿಷ್ಟು ತಡ ಎಂದು. ಅಷ್ಟು ಸ್ಪಷ್ಟವಾಗಿ ಅವಳು ತಿಂಗಳುಗಳಿಂದ ಮಾತಾಡಿರಲಿಲ್ಲ.

ಯುವ ವಕೀಲೆ ಹತ್ತಿರ ಕುಳಿತು, ಕೈ ಹಿಡಿದು, ಬಂಗಾಳಿಯಲ್ಲಿ ಮೆತ್ತಗೆ ಒಂದೊಂದೇ ಕೇಳಿದಳು. ಇವತ್ತು ಯಾವ ವಾರ, ಬ್ಯಾಂಕಿನಲ್ಲಿ ದುಡ್ಡಿದೆಯಾ, ಮಕ್ಕಳು ಎಷ್ಟು. ಎಲ್ಲಕ್ಕೂ ನನ್ನ ಹೆಂಡತಿ ಸೆರಗಿನ ತುದಿ ಹೊಸೆದಳು. ಕೊನೆಗೆ ನನ್ನ ಕಡೆ ಕೈ ತೋರಿಸಿ, ಇವರು ಯಾರು ಎಂದಳು.

ನನ್ನ ಹೆಂಡತಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ರಾನ್ನಾರ್ ಠಾಕುರ್" ಎಂದಳು. ಅಡುಗೆಯವನು. ಸ್ವಲ್ಪ ಯೋಚಿಸಿ, ಒಳ್ಳೆಯವನು ಎಂದೂ ಸೇರಿಸಿದಳು.

ಯುವ ವಕೀಲೆ ಬರೆದುಕೊಂಡಳು. ನಾನು ಎದ್ದು ಅಡುಗೆಮನೆಗೆ ಹೋದೆ, ಉರಿಯದ ಒಲೆಯ ಮುಂದೆ ಒಂದು ನಿಮಿಷ ನಿಂತು ವಾಪಸು ಬಂದೆ.

ಆಮೇಲೆ ಆಕೆ ಅವನ ಕಡೆ ತಿರುಗಿದಳು. "ಆಕೆ ನಂಬಿದ್ದು ನಿಮ್ಮನ್ನು. ಇಂದಿಗೂ ಗುರುತಿಸುವುದು ನಿಮ್ಮನ್ನೇ. ನೀವು ಗಾರ್ಡಿಯನ್ ಆಗುತ್ತೀರಾ?"

ಅವನು ಆಗುತ್ತೇನೆ ಎಂದರೆ ತಡೆಯಲು ನನ್ನ ಹತ್ತಿರ ಏನಿತ್ತು? ನಾನು ಅಡುಗೆಯವನು.

"ಇಲ್ಲ" ಎಂದ ಅವನು. "ಕಾಗದ ಓದುವುದು ನನಗೆ ಬರುತ್ತಿತ್ತು, ಅದಕ್ಕೆ ನನಗೆ ಕೊಟ್ಟರು. ಇವರ ಕೈಯಿಂದಲ್ಲದೆ ಆಕೆ ಒಂದು ತುತ್ತೂ ತಿನ್ನುವುದಿಲ್ಲ. ಮಗಳನ್ನು ಕೇಳಿ. ಅದನ್ನು ಬರೆದುಕೊಳ್ಳಿ."

ಮಗಳು ಹೌದೆಂದಳು. ಯುವ ವಕೀಲೆ ನನ್ನನ್ನು ಹಿಂದಿಯಲ್ಲಿ ಕೇಳಿದಳು: ನೀವೂ ಮಗಳೂ ಜಂಟಿಯಾಗಿ ಗಾರ್ಡಿಯನ್ ಆದರೂ, ಹೊರಗಿನವರೊಬ್ಬರು ಆಗಾಗ ಬಂದು ಆಕೆಯ ಸ್ಥಿತಿ ನೋಡಿ ಕೋರ್ಟಿಗೆ ತಿಳಿಸಬೇಕಾಗಬಹುದು. ಯಾರ ಹೆಸರು ಹೇಳುತ್ತೀರಿ?

ಎದುರು ಫ್ಲ್ಯಾಟಿನವರ ಹೆಸರು ನಾಲಿಗೆಯ ತುದಿಯಲ್ಲಿತ್ತು. ನನ್ನ ಹೆಂಡತಿ ಅವನ ಕೋಲನ್ನು ಕೈಗೆ ತೆಗೆದುಕೊಂಡು ಹಿಡಿಕೆಯನ್ನು ಸವರುತ್ತಿದ್ದಳು. ಅವಳ ಮುಖ ಬಹಳ ದಿನದ ಮೇಲೆ ತನ್ನ ಮನೆಯಲ್ಲಿ ಕುಳಿತವಳ ಮುಖದ ಹಾಗಿತ್ತು.

"ಇವರದು ಹಾಕಿ. ಪ್ರತಿ ಗುರುವಾರ ಬರಲಿ" ಎಂದೆ.

ಹೇಳಿದ ಮರುಕ್ಷಣವೇ ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸಿತು. ತೆಗೆದುಕೊಳ್ಳಲಿಲ್ಲ. ಅವನು ತಲೆ ತಗ್ಗಿಸಿ ಕನ್ನಡಕ ಒರೆಸಿಕೊಂಡ.

ಆದೇಶ ಬರಲು ಇನ್ನೂ ಒಂದು ತಿಂಗಳು ಹಿಡಿಯಿತು. ನಾನೂ ಮಗಳೂ ಜಂಟಿ ಗಾರ್ಡಿಯನ್; ಪಿಂಚಣಿ, ಠೇವಣಿ ಅವಳ ಆರೈಕೆಗೇ ಖರ್ಚಾಗಬೇಕು; ಕೋರ್ಟಿನ ಅಪ್ಪಣೆಯಿಲ್ಲದೆ ಫ್ಲ್ಯಾಟು ಮಾರುವ ಹಾಗಿಲ್ಲ; ವರ್ಷಕ್ಕೊಮ್ಮೆ ಖರ್ಚಿನ ವಿವರ ಕೊಡಬೇಕು. ಬ್ಯಾಂಕಿನ ಮ್ಯಾನೇಜರು ಆದೇಶದ ಪ್ರತಿ ನೋಡಿ ಎದ್ದು ನಿಂತು ಕೈಕುಲುಕಿದ. ಮಾರನೇ ದಿನವೇ ಆಯಾ ಮತ್ತೆ ಬಂದಳು. ಪಿಂಚಣಿದಾರರಿಗೆ ಔಷಧಿಯ ಖರ್ಚು ಸರ್ಕಾರದಿಂದ ವಾಪಸು ಸಿಗುವ ವ್ಯವಸ್ಥೆ ಇದೆ ಎಂಬುದನ್ನೂ ಅವನೇ ಹೇಳಿ, ಅರ್ಜಿ ತುಂಬಿ ಕೊಟ್ಟ. ತುಂಬುವ ಮೊದಲು ಒಂದೊಂದು ಸಾಲನ್ನೂ ನನಗೆ ಓದಿ ಹೇಳಿದ. ಅರ್ಥವಾಯಿತು ಎಂದು ನಾನು ಬೇಗ ತಲೆಯಾಡಿಸಿದಾಗ ಪೆನ್ನು ಕೆಳಗಿಟ್ಟು, "ಏನು ಅರ್ಥವಾಯಿತು, ಹೇಳಿ" ಎಂದ. ಮೈಯೆಲ್ಲ ಉರಿಯಿತು. ಆದರೆ ಹೇಳಿದೆ, ತಪ್ಪಾಗಿತ್ತು, ಮತ್ತೆ ಓದಿದ.

ಅವನು ಗುರುವಾರ ಹನ್ನೊಂದಕ್ಕೆ ಬರುತ್ತಾನೆ. ಇಬ್ಬರೂ ಬಾಲ್ಕನಿಯಲ್ಲಿ ಕುಳಿತು ಬಂಗಾಳಿಯಲ್ಲಿ ಮಾತಾಡುತ್ತಾರೆ. ಮಾತಾಡುವುದೆಂದರೆ ಅವನು ಆಫೀಸಿನ ಹಳೇ ಕತೆ ಹೇಳುತ್ತಾನೆ, ಅವಳು ಹೂಂ ಎನ್ನುತ್ತಾಳೆ. ನಾನು ಅವರಿಗೆ ದೋಸೆ ಮಾಡಿಕೊಟ್ಟು ಒಳಗೆ ಬರುತ್ತೇನೆ. ಒಂದೆರಡು ಸಲ ಅವನು "ನೀವೂ ಬನ್ನಿ, ಕುಳಿತುಕೊಳ್ಳಿ" ಎಂದು ಕರೆದ. ಕುಳಿತೆ. ಏನು ಮಾತಾಡಬೇಕೆಂದು ತೋಚದೆ ದೋಸೆ ಹಂಚಿನ ನೆಪ ಹೇಳಿ ಎದ್ದು ಬಂದೆ.

ಬುಧವಾರ 'ನಾಳೆ ದಾದಾ ಬರ್ತಾರೆ' ಎಂದು ಹೇಳಿದರೆ ಅವಳು ಕಪಾಟಿನ ಮುಂದೆ ನಿಂತು ಒಂದೊಂದೇ ಸೀರೆ ಮುಟ್ಟಿ ನೋಡುತ್ತಾಳೆ. ಹಸಿರು ಅಂಚಿನ ತಾಂತ್ ಸೀರೆಯ ಮೇಲೆ ಕೈ ನಿಂತರೆ ಅದೇ ಬೇಕು ಎಂದು ಅರ್ಥ. ಕೈಮಗ್ಗದ ಹತ್ತಿ ಸೀರೆ, ಗಂಜಿ ಹಾಕದಿದ್ದರೆ ನಿಲ್ಲುವುದಿಲ್ಲ. ಆಯಾಳ ಕೈಗೆ ಕೊಟ್ಟರೆ ಸುಕ್ಕು ಉಳಿಸುತ್ತಾಳೆ. ಹಾಗಾಗಿ ನಾನೇ ಅನ್ನದ ಗಂಜಿ ಸೋಸಿ, ಅದ್ದಿ, ಒಣಗಿಸಿ, ಊಟದ ಮೇಜಿನ ಮೇಲೆ ಹಾಸಿ ಇಸ್ತ್ರಿ ಮಾಡುತ್ತೇನೆ. ಇಸ್ತ್ರಿ ಮಾಡುವಷ್ಟು ಹೊತ್ತೂ ಹೊಟ್ಟೆ ಉರಿಯುತ್ತಲೇ ಇರುತ್ತದೆ. ನೆರಿಗೆ ಕೂರುವ ಕಡೆ ಮಾತ್ರ ಎರಡು ಸಲ ತೀಡುತ್ತೇನೆ, ಅವಳಿಗೆ ನೆರಿಗೆ ಕೆಟ್ಟರೆ ಆಗುವುದಿಲ್ಲ.